ಬೋರ್ಡ್ ಗೇಮ್ ಇಷ್ಟ ಇಲ್ದೋರು ಮನೆ ಮಂದಿ ಸೇರಿದಾಗ ಮುಖ ಕೆಡಿಸ್ಕೊಳ್ದೆ ಪಾರಾಗೋದು ಹೇಗೆ: ಹಂತ ಹಂತವಾಗಿ

ಇದನ್ನ ಬರೀಲೇಬೇಕು ಅನ್ಸಿದ್ದು ಯಾಕಂದ್ರೆ ನನಗೆ ಗೊತ್ತಿರೋ ಐದಾರು ಜನ ಪ್ರತಿ ಸಲ ಒಂದೇ ಕಥೆ ಹೇಳ್ತಾರೆ, "ಬೇಡ ಅಂದೆ, ಆದ್ರೂ ಎಳ್ಕೊಂಡು ಕೂರಿಸಿದ್ರು, ಎರಡೂವರೆ ಗಂಟೆ ಹೋಯ್ತು, ಕೊನೆಗೆ ನಾನೇ ಸಿಡುಕಿ ಎಲ್ಲರ ಮೂಡ್ ಹಾಳು ಮಾಡ್ದೆ". ಹೇಗೆ ಬೇಡ ಅಂದ್ರಿ ಅಂತ ಕೇಳಿದ್ರೆ ಗೊತ್ತಾಗತ್ತೆ, ಅವ್ರು ಬೇಡ ಅಂದಿದ್ದು ಬಣ್ಣದ ಕಾಯಿ ಕೈಗೆ ಬಂದ್ಮೇಲೆ. ಅಷ್ಟೊತ್ತಿಗೆ ತಡ ಆಗಿರತ್ತೆ. ಈ ಕೆಲ್ಸದಲ್ಲಿ ಏನ್ ಹೇಳ್ತೀರಿ ಅನ್ನೋದಕ್ಕಿಂತ ಯಾವಾಗ ಹೇಳ್ತೀರಿ ಅನ್ನೋದೇ ಮುಖ್ಯ. ಅದಕ್ಕೇ ಹಂತಗಳನ್ನ ಇದೇ ಆರ್ಡರಲ್ಲಿ ಮಾಡಿ, ನಡುವೆ ಹಾರಬೇಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ಗುರಿ ಇರೋದು ಆಟ ನಿಲ್ಲಿಸೋದಲ್ಲ. ಅವ್ರು ಖುಷಿಯಾಗಿ ಆಡ್ಲಿ, ನೀವು ಅದೇ ರೂಮಲ್ಲಿ ನೆಮ್ಮದಿಯಾಗಿ ಇರಿ. ಆಟಾನೇ ನಿಲ್ಲಿಸೋಕೆ ಹೊರಟ್ರೆ ಈ ಗೈಡ್ ನಿಮಗಲ್ಲ.

ಬೇಕಾಗೋ ಸಾಮಾನು

ಜಾಸ್ತಿ ಏನಿಲ್ಲ. ಹಿಂದಿನ ದಿನ ಕಳಿಸೋಕೆ ಒಂದು ಮೆಸೇಜು, ಬಾಯಿಪಾಠ ಮಾಡ್ಕೊಂಡ ಒಂದೇ ಒಂದು ವಾಕ್ಯ, ಕೈಗೊಂದು ಕೆಲ್ಸ, ತಪ್ಪಿಸ್ಕೊಳ್ಳೋಕೆ ಆಗ್ದೇ ಹೋದ್ರೆ ಮುಂದಿಡೋಕೆ ನಿಮ್ಗೆ ಸಹಿಸೋಕಾಗೋ ಒಂದೆರಡು ಚಿಕ್ಕ ಆಟದ ಹೆಸರು. ಮತ್ತೆ ಕಣ್ಣಿಗೆ ಕಾಣೋ ಹಾಗೆ ಒಂದು ಗಡಿಯಾರ, ಫೋನಲ್ಲಿರೋದು ಬೇಡ, ಫೋನ್ ತೆಗೆದ್ರೆ ಬೋರಾಗಿದೆ ಅಂತ ಡಂಗೂರ ಸಾರಿದ ಹಾಗೆ.

ಹಂತ 1: ನಿಮ್ಗೆ ಆಗದೇ ಇರೋದು ನಿಜವಾಗ್ಲೂ ಏನು ಅಂತ ಹುಡುಕಿ

"ನಂಗೆ ಬೋರ್ಡ್ ಗೇಮೇ ಇಷ್ಟ ಇಲ್ಲ" ಅನ್ನೋದು ಉತ್ತರ ಅಲ್ಲ, ಹೊಟ್ಟೆ ನೋವು ಅಂದ ಹಾಗೆ ಅದು, ಎಲ್ಲಿ ನೋವು ಅಂತ ಹೇಳಿದ್ರೆ ತಾನೇ ಮದ್ದು. ಹಿಂದೆ ಆಡಿದ ಮೂರು ಸಲ ನೆನಪು ಮಾಡ್ಕೊಳ್ಳಿ, ಯಾವ ಹೊತ್ತಲ್ಲಿ ತಲೆ ಕೆಡ್ತು ಅಂತ ನೋಡಿ.

ರೂಲ್ಸ್ ಹೇಳೋವಾಗ್ಲೇ ತಲೆ ಕೆಟ್ಟಿದ್ರೆ ನಿಮ್ಮ ಸಮಸ್ಯೆ ಕಲಿಯೋದು. ಹತ್ತು ಜನರ ಮುಂದೆ ಅರ್ಥ ಆಗ್ಲಿಲ್ಲ ಅಂತ ಹೇಳೋಕೆ ನಾಚಿಕೆ, ಅರ್ಥ ಆದ ಹಾಗೆ ತಲೆ ಆಡಿಸ್ತೀರಿ, ಆಮೇಲೆ ಎರಡು ಗಂಟೆ ಕತ್ತಲಲ್ಲಿ ತಡಕಾಡ್ತೀರಿ.

ಟರ್ನ್ ಬರೋವರೆಗೆ ಕಾಯೋವಾಗ ಕೆಟ್ಟಿದ್ರೆ ಸಮಸ್ಯೆ ಖಾಲಿ ಹೊತ್ತು. ಲೆಕ್ಕ ಹಾಕಿ ನೋಡಿ, ಆರು ಜನ ಆಡ್ತಾ ಇದ್ದಾರೆ, ಒಬ್ಬೊಬ್ರು ಎರಡು ನಿಮಿಷ ಯೋಚನೆ ಮಾಡ್ತಾರೆ ಅಂದ್ರೆ ನಿಮ್ಮ ಎರಡು ನಿಮಿಷಕ್ಕೆ ಹತ್ತು ನಿಮಿಷ ಸುಮ್ನೆ ಕೂರಬೇಕು. ಲೂಡೋ ಇನ್ನೂ ಮಜಾ. ಕಾಯಿ ಹೊರಗೆ ಬರೋಕೆ ಆರು ಬೀಳ್ಬೇಕು, ಆರು ಸಲ ದಾಳ ಹಾಕಿದ್ರೂ ಒಂದು ಆರೂ ಬೀಳದೇ ಇರೋ ಸಾಧ್ಯತೆ ಸುಮಾರು 33%. ಅಂದ್ರೆ ಮೂರರಲ್ಲಿ ಒಂದು ಸಲ ನೀವು ಆರು ರೌಂಡ್ ಸುಮ್ನೆ ದಾಳ ಹಾಕಿ ಪಕ್ಕದವ್ರಿಗೆ ಕೊಡೋ ಕೆಲ್ಸ ಮಾಡ್ತೀರಿ. ಬೋರಾಗೋದು ನಿಮ್ಮ ತಪ್ಪಲ್ಲ.

ಜನರಿಂದ ಕೆಟ್ಟಿದ್ರೆ, ಅಂದ್ರೆ ಗೆದ್ದವ್ರು ಕುಣಿಯೋದು, ಸೋತವ್ರು ಮುನಿಸ್ಕೊಳ್ಳೋದು, ಗಂಡ ಹೆಂಡ್ತಿ ಅಲ್ಲೇ ಶುರು ಹಚ್ಕೊಳ್ಳೋದು, ಆಗ ಆಟ ಬದಲಾಯಿಸಿದ್ರೂ ಪ್ರಯೋಜನ ಇಲ್ಲ, ಆ ಜನರ ಜೊತೆ ಪೈಪೋಟಿ ಇಲ್ಲದ ಆಟ ಬೇಕು, ಇಲ್ಲಾ ಆಟಾನೇ ಬೇಡ. ಇನ್ನು ಕೆಲವ್ರಿಗೆ ಇದ್ಯಾವ್ದೂ ಅಲ್ಲ, ಅವ್ರು ಬಂದಿರೋದು ಮಾತಾಡೋಕೆ, ವರ್ಷಕ್ಕೊಂದು ಸಲ ಸಿಗೋ ಜನ, ಅವ್ರ ಜೊತೆ ಕೂತು ರಟ್ಟಿನ ಹಲಗೆ ನೋಡೋದು ಯಾಕೆ ಅಂತ. ನಾನು ಈ ಗುಂಪಿನೋನು.

ಹಂತ 2: ಹಿಂದಿನ ದಿನಾನೇ ಒಬ್ರಿಗೆ ಮಾತ್ರ ಹೇಳಿ

ಬಾಕ್ಸ್ ತರೋರು ಯಾರು ಅಂತ ಎಲ್ಲರ ಮನೇಲೂ ಗೊತ್ತಿರತ್ತೆ. ಅವ್ರಿಗೆ ಮಾತ್ರ ಮೆಸೇಜ್ ಮಾಡಿ. ಫ್ಯಾಮಿಲಿ ಗ್ರೂಪಲ್ಲಿ ಹಾಕೋಕೆ ಹೋಗ್ಬೇಡಿ, ಅಲ್ಲಿ ಹಾಕಿದ್ರೆ ಅದು ಚರ್ಚೆ ಆಗತ್ತೆ, ನಾಲ್ಕು ಜನ ನಗೋ ಇಮೋಜಿ ಹಾಕ್ತಾರೆ, ಒಬ್ರು "ಈ ಸಲ ಬಿಡಲ್ಲ" ಅಂತಾರೆ, ಮುಗೀತು, ನಿಮ್ಮನ್ನ ಕೂರಿಸೋದೇ ಆ ದಿನದ ಆಟ ಆಗಿಬಿಡತ್ತೆ.

ಏನ್ ಬರೀಬೇಕು? ಹೀಗೆ: "ಭಾವ, ನಾಳೆ ಗೇಮ್ ತರ್ತೀರಲ್ಲ, ನನ್ನನ್ನ ಬಿಟ್ಟು ಲೆಕ್ಕ ಹಾಕ್ಕೊಳ್ಳಿ. ನಾನು ಪಕ್ಕದಲ್ಲೇ ಇರ್ತೀನಿ, ನೀವೆಲ್ಲ ಆಡಿ." ಇಷ್ಟೇ. ಇದ್ರಲ್ಲಿ ಲೆಕ್ಕದ ಮಾತು ಇದೆಯಲ್ಲ, ಅದೇ ಜೀವಾಳ. ಆಟ ತರೋರು ತಲೆ ಎಣಿಸಿ ಆಟ ಆರಿಸ್ತಾರೆ. ಆರು ಜನಕ್ಕೆ ಅಂತ ತಂದ ಆಟಕ್ಕೆ ಕೊನೇ ಗಳಿಗೇಲಿ ಐದು ಜನ ಆದ್ರೆ ಟೀಮ್ ಸರಿ ಹೋಗಲ್ಲ, ಆಗ ಅವ್ರು ಒತ್ತಾಯ ಮಾಡೋದು ನಿಮ್ಮ ಮೇಲಿನ ಪ್ರೀತಿಗಲ್ಲ, ಸಂಖ್ಯೆ ತುಂಬ್ಸೋಕೆ. ಹಿಂದಿನ ದಿನ ಹೇಳಿದ್ರೆ ಆ ಕಾರಣಾನೇ ಇರಲ್ಲ.

ಸಾಮಾನ್ಯ ತಪ್ಪು: ಮೆಸೇಜಲ್ಲಿ ಆಟವನ್ನ ಬಯ್ಯೋದು. "ಅದೇನು ಚಿಕ್ಕ ಮಕ್ಕಳ ಥರ" ಅಂತೆಲ್ಲ ಬರೆದ್ರೆ ಅವ್ರು ಅದನ್ನ ಬಿಡಲ್ಲ, ಆಟದ ಪರವಾಗಿ ವಾದಕ್ಕೆ ಇಳೀತಾರೆ.

ಹಂತ 3: ಬಾಕ್ಸಿನ ಮುಚ್ಚಳ ತೆಗೆಯೋಕೆ ಮುಂಚೆ ಹೇಳಿ

ಇದು ಇಡೀ ಗೈಡಿನ ಮುಖ್ಯ ಹಂತ, ಹೆಚ್ಚಿನವ್ರು ಎಡವೋದೂ ಇಲ್ಲೇ.

"ಏನಾದ್ರೂ ಆಡೋಣ್ವಾ?" ಅಂತ ಯಾರೋ ಅಂದಾಗಿಂದ ಬಾಕ್ಸಿನ ಮುಚ್ಚಳ ತೆಗೆಯೋವರೆಗೆ ಒಂದೆರಡು ನಿಮಿಷ ಸಿಗತ್ತೆ. ಅಷ್ಟೇ ಸಿಗೋದು. ಮುಚ್ಚಳ ತೆಗೆದ್ಮೇಲೆ ಯಾರೋ ಬಣ್ಣ ಹಂಚ್ತಾರೆ, "ನಿಂಗೆ ಹಸಿರು" ಅಂತ ಕೈಗೆ ಇಟ್ರು ಅಂದ್ರೆ ನೀವು ಆಟಗಾರ, ಆಮೇಲೆ ಬೇಡ ಅಂದ್ರೆ ಅದು ಬಿಟ್ಟು ಹೋದ ಲೆಕ್ಕ. ಬೇಡ ಅನ್ನೋದು ಬೇರೆ, ಬಿಟ್ಟು ಹೋಗೋದು ಬೇರೆ, ಎರಡನೇದಕ್ಕೆ ಜನ ನೊಂದ್ಕೊಳ್ತಾರೆ.

ನಾವೆಲ್ಲ ಮಾಡೋದೇನು? ಬೀಸೋ ದೊಣ್ಣೆ ತಪ್ಪಿದ್ರೆ ಸಾಕು ಅಂತ "ನೋಡೋಣ" ಅಂದುಬಿಡ್ತೀವಿ. ಆಟ ಇಷ್ಟ ಪಡೋರ ಕಿವಿಗೆ "ನೋಡೋಣ" ಅಂದ್ರೆ "ಹೂಂ" ಅಂತಾನೇ ಕೇಳ್ಸೋದು. ಸುಮ್ನಿದ್ರೂ ಹೂಂ. ನಕ್ಕರೂ ಹೂಂ.

ಹೇಳೋ ವಾಕ್ಯ ಚಿಕ್ಕದಿರ್ಲಿ, ನಗ್ತಾ ಹೇಳಿ, ಕಾರಣ ಕೊಡ್ಬೇಡಿ: "ನಾನು ಆಡಲ್ಲ, ನೀವು ಆಡಿ, ನಾನು ಇಲ್ಲೇ ಕೂತ್ಕೋತೀನಿ."

ಕಾರಣ ಯಾಕೆ ಬೇಡ ಅಂದ್ರೆ ಪ್ರತಿ ಕಾರಣಕ್ಕೂ ಅವ್ರ ಹತ್ರ ಪರಿಹಾರ ಇರತ್ತೆ. ರೂಲ್ಸ್ ಗೊತ್ತಿಲ್ಲ ಅಂದ್ರೆ "ಹೇಳ್ಕೊಡ್ತೀವಿ ಬಾ". ಸೋತು ಹೋಗ್ತೀನಿ ಅಂದ್ರೆ "ನಾನು ನಿನ್ ಟೀಮು". ತಲೆನೋವು ಅಂದ್ರೆ ಮಾತ್ರೆ ಬರತ್ತೆ, ಜೊತೆಗೆ ಆ ಸಂಜೆ ಪೂರ್ತಿ ನೀವು ಜೋರಾಗಿ ನಗೋ ಹಾಗೂ ಇಲ್ಲ, ನಕ್ಕರೆ ಸಿಕ್ಕಿಬೀಳ್ತೀರಿ. ನಾನು ಒಂದು ಸಲ ಕಣ್ಣು ಉರೀತಿದೆ ಅಂದೆ, ಒಳಗಡೆ ರೂಮಲ್ಲಿ ಲೈಟ್ ಆಫ್ ಮಾಡಿ ಮಲಗಿಸಿಬಿಟ್ರು, ಹೊರಗಡೆ ಎಲ್ಲರೂ ನಗೋದು ಕೇಳಿಸ್ಕೊಂಡು ಒಂದೂವರೆ ಗಂಟೆ ಛಾವಣಿ ನೋಡ್ತಾ ಬಿದ್ದಿದ್ದೆ. ಸುಳ್ಳಿನ ಬೆಲೆ.

ಒತ್ತಾಯ ಬಂದೇ ಬರತ್ತೆ, ಸಾಮಾನ್ಯವಾಗಿ ಎರಡು ರೂಪದಲ್ಲಿ. "ಒಂದೇ ಆಟ" ಅಂತಾರೆ, ಅದಕ್ಕೆ "ಇಲ್ಲಪ್ಪ, ನೀವು ಆಡಿ" ಅಂತ ಅದೇ ವಾಕ್ಯ ಅದೇ ನಗುವಲ್ಲಿ. "ನೀನಿಲ್ದೇ ಮಜಾ ಇಲ್ಲ" ಅಂತಾರೆ, ಇದು ಸ್ವಲ್ಪ ಕಷ್ಟ, ಯಾಕಂದ್ರೆ ಇದ್ರಲ್ಲಿ ಪ್ರೀತಿ ಇದೆ, ಹಾಗಾಗಿ ಪ್ರೀತಿಗೆ ಉತ್ತರ ಕೊಡಿ, ಆಟಕ್ಕೆ ಬೇಡ: "ನಾನೆಲ್ಲೂ ಹೋಗಲ್ಲ, ನಿಮ್ಮ ಪಕ್ಕದಲ್ಲೇ ಕೂತು ಕಾಲೆಳೀತೀನಿ". ದೊಡ್ಡೋರು ಕರೆದ್ರೆ ದನಿ ಇನ್ನೂ ಮೆತ್ತಗಾಗ್ಲಿ, "ಅತ್ತೆ, ನೀವು ಆಡೋದು ನೋಡ್ತೀನಿ, ನಂಗೆ ಅದೇ ಖುಷಿ". ಎರಡು ಸಲ ಹೇಳಿ, ಮೂರನೇ ಸಲ ಕೇಳಿದ್ರೆ ಬಾಯಿ ಬಿಡ್ಬೇಡಿ, ಎದ್ದು ಹಂತ 4ಕ್ಕೆ ಹೋಗಿ.

ಹಂತ 4: ಕೈಗೊಂದು ಕೆಲ್ಸ, ಕೂರೋಕೊಂದು ಜಾಗ

ಬೇಡ ಅಂದೋರು ಕೈ ಕಟ್ಕೊಂಡು ಅಲ್ಲೇ ನಿಂತಿದ್ರೆ ಖಾಲಿ ಕುರ್ಚಿ ಥರ ಕಾಣ್ತಾರೆ, ಯಾರಿಗಾದ್ರೂ ತುಂಬ್ಸೋಣ ಅನ್ನಿಸ್ತಾನೇ ಇರತ್ತೆ. ಅದಕ್ಕೆ ಬೇಗ ಒಂದು ಪಾತ್ರ ಹಿಡ್ಕೊಳ್ಳಿ.

ಆಡದೇ ಆಟದ ಒಳಗಿರೋ ಕೆಲ್ಸಗಳು ಸುಮಾರಿವೆ. ಜಾಗ ಕೊಂಡು ಬಾಡಿಗೆ ವಸೂಲಿ ಮಾಡೋ ಮೊನೊಪೊಲಿಯಲ್ಲಿ ಬ್ಯಾಂಕರ್, ಅಂದ್ರೆ ಆಟದ ದುಡ್ಡು ನೋಡ್ಕೊಳ್ಳೋರು. ಇದು ನಾನು ಕಂಡು ಹಿಡಿದ ಉಪಾಯ ಅಲ್ಲ, ಐದಕ್ಕಿಂತ ಜಾಸ್ತಿ ಜನ ಆಡ್ತಿದ್ರೆ ಬ್ಯಾಂಕರ್ ಬರೀ ಬ್ಯಾಂಕ್ ಮತ್ತು ಹರಾಜು ನೋಡ್ಕೊಂಡು ಇರಬಹುದು ಅಂತ ಅದರ ರೂಲ್ಸಲ್ಲೇ ಇದೆ. ಸ್ಕ್ರ್ಯಾಬಲ್ ಆದ್ರೆ ಸ್ಕೋರ್ ಬರೆಯೋದು, ಪದ ಸರಿಯಾ ಅಂತ ಡಿಕ್ಷನರಿ ನೋಡೋದು. ಗುಂಪಲ್ಲಿ ಅಡಗಿರೋ ಕೇಡಿಗಳು ಯಾರು ಅಂತ ಮಾತಾಡ್ತಾ ಹುಡುಕೋ ಮಾಫಿಯಾ ಥರದ ಆಟಕ್ಕೆ ಆಡದೇ ಆಟ ನಡೆಸೋ ಒಬ್ರು ಬೇಕೇ ಬೇಕು, ಆದ್ರೆ ಎಲ್ಲರ ಕಣ್ಣು ನಿಮ್ಮ ಮೇಲಿರೋದು ಆಗಲ್ಲ ಅಂದ್ರೆ ಅದಕ್ಕೆ ಕೈ ಹಾಕ್ಬೇಡಿ, ಅದು ಆಡೋದಕ್ಕಿಂತ ಜಾಸ್ತಿ ಕೆಲ್ಸ.

ಸಂಖ್ಯೆ ಕೂಡ ನಿಮ್ಮ ಸ್ನೇಹಿತ. ಲೂಡೋ ಹಲಗೇಲಿ ಇರೋದು ನಾಲ್ಕು ಬಣ್ಣ. ಊರು, ರಸ್ತೆ ಕಟ್ಟೋ ಕಟಾನ್ ಅನ್ನೋ ಆಟದ ಮೂಲ ಬಾಕ್ಸು ಮೂರು ನಾಲ್ಕು ಜನಕ್ಕೆ ಮಾತ್ರ, ಐದು ಆರು ಜನ ಆಡೋಕೆ ಎಕ್ಸ್‌ಟೆನ್ಶನ್ ಅನ್ನೋ ಇನ್ನೊಂದು ಬಾಕ್ಸ್ ಬೇಕು. ಇಂಥ ಕಡೆ ನೀವು ಐದನೇಯವ್ರಾಗಿ, ಬೇರೆಯವ್ರು ಮೊದಲು ಕೂರ್ಲಿ ಅಂತ ಜಾಗ ಬಿಟ್ಟುಕೊಡಿ, ಒಳ್ಳೇ ಹೆಸರು ಬೇರೆ ಬರತ್ತೆ.

ಸುತ್ತ ನೋಡಿದ್ರೆ ಇನ್ನೊಬ್ರು ಇದ್ದೇ ಇರ್ತಾರೆ, ನಿಮ್ಮ ಥರಾನೇ "ನೋಡೋಣ" ಅಂತಿರೋರು. ಅವ್ರ ಪಕ್ಕ ಹೋಗಿ ಮಾತು ಶುರು ಮಾಡಿ. ಒಬ್ರೇ ಹೊರಗಿದ್ರೆ ಮುನಿಸು ಅಂತಾರೆ, ಇಬ್ರಿದ್ರೆ ಹರಟೆ ಅಂತಾರೆ.

ಇಲ್ಲಿ ಮಾಡ್ಬಾರದ್ದು ಎರಡು. ಆಟದ ಟೇಬಲಲ್ಲೇ ಕೂತು ಫೋನ್ ಉಜ್ಜೋದು. ಮತ್ತೆ ಆಡದೇ ಸಲಹೆ ಕೊಡೋದು, "ಅಯ್ಯೋ ಆ ಕಾಯಿ ನಡೆಸ್ಬೇಕಿತ್ತು" ಅಂತ. ಆಡಲ್ಲ ಅಂದೋರ ಬಾಯಿಂದ ಅದು ಬಂದ್ರೆ ಆಟಗಾರರಿಗೆ ಮೈ ಉರಿಯತ್ತೆ, ನ್ಯಾಯ ಕೂಡ.

ಹಂತ 5: ತಪ್ಪಿಸ್ಕೊಳ್ಳೋಕೆ ಆಗ್ಲೇ ಇಲ್ವಾ? ಹಾಗಾದ್ರೆ ಆಟ ನೀವೇ ಆರಿಸಿ

ಕೆಲವು ಸಲ ಆಗಲ್ಲ. ಇರೋದೇ ಮೂರು ಜನ, ಅಥವಾ ಅಜ್ಜಿ ಹುಟ್ಟಿದಬ್ಬ, ಅವ್ರಿಗೆ ಆಸೆ. ಆಗ ಒಪ್ಪಿ, ಆದ್ರೆ ಒಪ್ಪೋವಾಗ್ಲೇ ಆಯ್ಕೆಯನ್ನ ಕೈಗೆ ತಗೊಳ್ಳಿ: "ಆಡ್ತೀನಿ, ಆದ್ರೆ ಇದು ಇಲ್ಲಾ ಅದು". ಎರಡು ಹೆಸರು ಹೇಳಿ. ಒಂದೇ ಹೇಳಿದ್ರೆ ಹಠ, ಮೂರು ಹೇಳಿದ್ರೆ ಚರ್ಚೆ.

ಬಾಕ್ಸಿನ ಮೇಲೆ ಜನ ಎಷ್ಟು, ಹೊತ್ತು ಎಷ್ಟು ಅಂತ ಪ್ರಿಂಟ್ ಆಗಿರತ್ತೆ, ಓದಿ. ಆ ಹೊತ್ತು ರೂಲ್ಸ್ ಗೊತ್ತಿರೋರ ಲೆಕ್ಕ, ಮೊದಲ ಸಲ ಆಡೋರಿದ್ರೆ ಅರ್ಧ ಸೇರಿಸ್ಕೊಳ್ಳಿ, 60 ನಿಮಿಷ ಅಂದ್ರೆ 90.

ಈಗ ಹಂತ 1ರಲ್ಲಿ ಸಿಕ್ಕ ಉತ್ತರ ಉಪಯೋಗಕ್ಕೆ ಬರತ್ತೆ. ರೂಲ್ಸ್ ಭಯ ಇರೋರಿಗೆ ಜಸ್ಟ್ ಒನ್ ಅನ್ನೋ ಆಟ ಚೆನ್ನಾಗಿದೆ, ಮೂರರಿಂದ ಏಳು ಜನ, ಸುಮಾರು 20 ನಿಮಿಷ, ಒಬ್ರು ಪದ ಊಹಿಸ್ಬೇಕು, ಉಳಿದವ್ರೆಲ್ಲ ಒಂದೊಂದು ಪದದ ಸುಳಿವು ಬರೀಬೇಕು, ಇಬ್ರು ಒಂದೇ ಸುಳಿವು ಬರೆದ್ರೆ ಎರಡೂ ಕ್ಯಾನ್ಸಲ್. ಮುಗೀತು ರೂಲ್ಸ್. ಎಲ್ಲರೂ ಒಂದೇ ಕಡೆ, ಜಗಳ ಆಡೋರಿಗೆ ಎದುರಾಳಿನೇ ಇಲ್ಲ. ಖಾಲಿ ಹೊತ್ತು ಆಗದವ್ರಿಗೂ ಇದು ಸರಿ, ಯಾಕಂದ್ರೆ ಎಲ್ಲರೂ ಒಟ್ಟಿಗೆ ಬರೀತಾರೆ. ಕೋಡ್‌ನೇಮ್ಸ್ ಟೀಮ್ ಆಟ, ಟೇಬಲ್ ಮೇಲೆ 25 ಪದ, ಟೀಮಿಗೊಬ್ರು ಸುಳಿವು ಕೊಡ್ತಾರೆ, ಉಳಿದವ್ರು ತಮ್ಮ ಟೀಮಿನ ಪದ ಯಾವ್ದು ಅಂತ ಊಹಿಸ್ತಾರೆ, ಒಂದು ಆಟ 15 ನಿಮಿಷ ಅಂತ ಬಾಕ್ಸಲ್ಲಿದೆ, ಆದ್ರೆ ಸುಳಿವು ಕೊಡೋ ಜಾಗಕ್ಕೆ ಹೋಗ್ಬೇಡಿ, ಅಲ್ಲಿ ಎಲ್ಲರೂ ನಿಮ್ಮ ಮುಖಾನೇ ನೋಡ್ತಾ ಕಾಯ್ತಾರೆ, ಊಹಿಸೋರ ಗುಂಪಲ್ಲಿ ನುಗ್ಗಿ. ಪ್ಯಾಂಡೆಮಿಕ್ ಅಂತ ಒಂದಿದೆ, ಎಲ್ಲರೂ ಸೇರಿ ರೋಗ ತಡೆಯೋದು. ಆ ಆಟದ ಬಗ್ಗೆ ಇರೋ ದೊಡ್ಡ ದೂರು ಏನಂದ್ರೆ ಅನುಭವ ಇರೋ ಒಬ್ರು ಎಲ್ಲರ ಟರ್ನೂ ತಾವೇ ಆಡಿಬಿಡ್ತಾರೆ ಅಂತ. ನಮ್ಮಂಥೋರಿಗೆ ಅದೇ ವರ. "ಹೌದು ಹೌದು ಹಾಗೇ ಮಾಡೋಣ" ಅಂತಿದ್ರೆ ಸಾಕು.

ಮೊನೊಪೊಲಿನೇ ಅಂತ ಎಲ್ಲರೂ ಹಠ ಹಿಡಿದ್ರೆ? ಆಗ ಒಂದು ಕೆಲ್ಸ ಮಾಡಿ, ಶುರು ಮಾಡೋಕೆ ಮುಂಚೆ ರೂಲ್ಸ್ ಪೇಪರ್ ತೆಗೆದು ಓದಿ. ತುಂಬಾ ಮನೆಗಳಲ್ಲಿ ಈ ಆಟ ಎಳೆಯೋದಕ್ಕೆ ಕಾರಣ ಆಟ ಒಂದೇ ಅಲ್ಲ, ಮನೆಯವ್ರು ಸೇರಿಸಿದ ರೂಲ್ಸು. ದಂಡದ ದುಡ್ಡನ್ನೆಲ್ಲ ನಡುವೆ ಗುಡ್ಡೆ ಹಾಕಿ, ಹಲಗೆಯ ಮೂಲೇಲಿರೋ ಫ್ರೀ ಪಾರ್ಕಿಂಗ್ ಅನ್ನೋ ಚೌಕದ ಮೇಲೆ ಬಂದೋರಿಗೆ ಕೊಡ್ತಾರಲ್ಲ, ಅಂಥ ರೂಲೇ ಇಲ್ಲ, ಅಲ್ಲಿ ಬಂದ್ರೆ ಏನೂ ಸಿಗಲ್ಲ. ದಿವಾಳಿ ಆಗ್ಬೇಕಾದೋರಿಗೆ ಹೀಗೆ ದುಡ್ಡು ಸಿಗ್ತಾ ಇದ್ರೆ ಆಟ ಮುಗಿಯೋದು ಹೇಗೆ? ಇನ್ನೊಂದು, ಒಬ್ರು ಬಂದು ನಿಂತ ಜಾಗ ಅವ್ರು ಕೊಳ್ಳದಿದ್ರೆ ಅದನ್ನ ತಕ್ಷಣ ಹರಾಜು ಹಾಕ್ಬೇಕು ಅಂತ ರೂಲ್ಸಲ್ಲಿದೆ, ಎಷ್ಟೋ ಮನೇಲಿ ಹರಾಜು ಬಿಟ್ಟೇ ಬಿಡ್ತಾರೆ, ಆಗ ಜಾಗಗಳು ಮಾರಾಟ ಆಗೋಕೇ ಗಂಟೆಗಟ್ಟಲೆ ಬೇಕು. ಇವೆರಡನ್ನ ಸರಿ ಮಾಡಿದ್ರೆ ಆಟ ಬೇಗ ಓಡತ್ತೆ. ಹಳೇ ರೂಲ್ಸ್ ಪುಸ್ತಕಗಳಲ್ಲಿ ಚುಟುಕು ಆಟ ಅಂತಾನೂ ಇದೆ, ಮೊದಲೇ ಒಬ್ಬೊಬ್ರಿಗೆ ಎರಡು ಜಾಗ ಹಂಚೋದು, ಹೋಟೆಲಿಗೆ ನಾಲ್ಕರ ಬದಲು ಮೂರು ಮನೆ ಸಾಕು, ಎರಡನೇ ಆಟಗಾರ ದಿವಾಳಿ ಆದ ತಕ್ಷಣ ಆಟ ಮುಗೀತು, ಯಾರ ಆಸ್ತಿ ಜಾಸ್ತಿನೋ ಅವ್ರು ಗೆದ್ರು. ಇದನ್ನ ನೀವು ಹೇಳಿದ್ರೆ "ಆಟದ ಬಗ್ಗೆ ಇಷ್ಟು ಗೊತ್ತಾ" ಅಂತ ಖುಷಿ ಬೇರೆ ಪಡ್ತಾರೆ ಪಾಪ.

ಉನೋ ಅನ್ನೋ ಎಲೆ ಆಟಕ್ಕೂ ಹೀಗೇ. ಪ್ಲಸ್ ಟೂ, ಅಂದ್ರೆ ಮುಂದಿನವ್ರು ಎರಡು ಎಲೆ ತಗೋಬೇಕಾದ ಎಲೆ, ಅದರ ಮೇಲೆ ಇನ್ನೊಂದು ಪ್ಲಸ್ ಟೂ ಪೇರಿಸೋದು ಮೂಲ ರೂಲ್ಸಲ್ಲಿ ಇಲ್ಲ, ಪೇರಿಸ್ತಾ ಹೋದ್ರೆ ಯಾರೋ ಒಬ್ರ ಕೈಯಲ್ಲಿ ರಾಶಿ ಎಲೆ, ರೌಂಡ್ ಉದ್ದ ಆಗತ್ತೆ. ಮತ್ತೆ ರೂಲ್ಸ್ ಪ್ರಕಾರ 500 ಪಾಯಿಂಟ್ ವರೆಗೆ ಆಡ್ಬೇಕು, ಅದನ್ನ ಮಾತ್ರ ಯಾರಿಗೂ ನೆನಪಿಸ್ಬೇಡಿ. "ಎರಡು ರೌಂಡ್" ಅಂತ ಮೊದಲೇ ಹೇಳಿ.

ಯಾವ ಆಟ ಆದ್ರೂ ಕೊನೆ ಯಾವಾಗ ಅಂತ ಶುರುವಿನಲ್ಲೇ ಎಲ್ಲರ ಬಾಯಲ್ಲೂ ಹೇಳಿಸಿ: "ಒಂಬತ್ತೂವರೆಗೆ ನಿಲ್ಲಿಸೋಣ, ಆಗ ಮುಂದಿರೋರು ಗೆದ್ದ ಹಾಗೆ". ಆಟದ ನಡುವೆ ಇದನ್ನ ಹೇಳಿದ್ರೆ ಸೋಲ್ತಿರೋದಕ್ಕೆ ಹೇಳ್ತಿದ್ದಾನೆ ಅಂತಾರೆ.

ಹಂತ 6: ಕೂತ ಮೇಲೆ ಸರಿಯಾಗಿ ಆಡಿ

ರೂಲ್ಸ್ ಹೇಳೋವಾಗ ಮೂರು ಪ್ರಶ್ನೆ ಕೇಳಿ: ಗೆಲ್ಲೋದು ಹೇಗೆ, ನನ್ನ ಟರ್ನಲ್ಲಿ ನಾನೇನು ಮಾಡ್ಬಹುದು, ಆಟ ಯಾವಾಗ ಮುಗಿಯತ್ತೆ. ಉಳಿದಿದ್ದು ಆಡ್ತಾ ಗೊತ್ತಾಗತ್ತೆ.

ಬೇಗ ಆಡಿ, ಆದ್ರೆ ಬೇಕಂತ ಸೋಲ್ಬೇಡಿ. ಬೇಗ ಸೋತು ಎದ್ದು ಹೋಗೋಣ ಅಂತ ಇದ್ದ ಆಸ್ತಿಯೆಲ್ಲ ಪಕ್ಕದವ್ರಿಗೆ ಕೊಟ್ಟುಬಿಟ್ರೆ ಅವ್ರು ಗೆದ್ದೇ ಬಿಡ್ತಾರೆ, ಒಂದು ಗಂಟೆಯಿಂದ ತಲೆ ಉಪಯೋಗಿಸಿ ಆಡ್ತಿದ್ದ ಬೇರೆಯವ್ರಿಗೆ ಹೊಟ್ಟೆ ಉರಿಯತ್ತೆ. ಗಂಟು ಮುಖ ಹಾಕ್ಕೊಂಡು ಆಡೋದು ಇದಕ್ಕಿಂತ ಕೆಟ್ಟದ್ದು. ನಾನೊಮ್ಮೆ ಹಾಗೆ ಕೂತಿದ್ದೆ, ಏನೂ ಮಾತಾಡಿರ್ಲಿಲ್ಲ, ಒಳ್ಳೆಯವ್ನ ಥರ ಆಡ್ತಿದೀನಿ ಅಂದ್ಕೊಂಡಿದ್ದೆ, ಅಣ್ಣನ ಮಗಳು ಎಲ್ಲರ ಮುಂದೆ ಅವಳಮ್ಮನ್ನ ಕೇಳಿದ್ಲು, "ಚಿಕ್ಕಪ್ಪಂಗೆ ನನ್ ಮೇಲೆ ಕೋಪಾನಾ?" ಆಡದೇ ಇದ್ದಿದ್ರೆ ಆ ಮಗುಗೆ ಏನೂ ಅನಿಸ್ತಿರ್ಲಿಲ್ಲ. ಅವತ್ತಿಂದ ನಾನು ಆಡಿದ್ರೆ ಪೂರ್ತಿ ಆಡ್ತೀನಿ, ಇಲ್ಲಾ ಕೂರೋದೇ ಇಲ್ಲ.

ಹಂತ 7: ಏಳೋದು

ಏಳ್ಬೇಕಾದ್ದು ರೌಂಡ್ ಮುಗಿದಾಗ, ಆದ್ರೆ ಹೇಳ್ಬೇಕಾದ್ದು ಆ ರೌಂಡ್ ಶುರುವಾಗೋವಾಗ: "ಇದೊಂದು ಆದ್ಮೇಲೆ ನಾನು ಏಳ್ತೀನಿ, ನನ್ ಜಾಗಕ್ಕೆ ಯಾರಾದ್ರೂ ಬನ್ನಿ." ಟೀಮ್ ಆಟದ ನಡುವೆ ಏಳ್ಬೇಡಿ, ಜೊತೆಗಾರರನ್ನ ನಡುನೀರಲ್ಲಿ ಕೈಬಿಟ್ಟ ಹಾಗೆ. ಎದ್ದ ಮೇಲೆ ಮಾಯ ಆಗ್ಬೇಡಿ, ಹತ್ತು ನಿಮಿಷ ಅಲ್ಲೇ ನಿಂತು ನೋಡಿ, ನಗಿ, ಆಮೇಲೆ ಜಾರ್ಕೊಳ್ಳಿ.

ಎಚ್ಚರಿಕೆ ಸೂಚನೆಗಳು

ದಾಳ ಎಷ್ಟು ಬಿತ್ತು ಅಂತ ನೋಡದೇ ಪಕ್ಕಕ್ಕೆ ದಾಟಿಸ್ತಿದ್ದೀರಾ? ನಿಮ್ಮ ತಾಳ್ಮೆ ಮುಗೀತು, ಮುಂದಿನ ರೌಂಡಿಗೆ ಏಳೋ ಮಾತು ಹೇಳಿ. ಒಂದೇ ರೂಲನ್ನ ಯಾರೋ ಮೂರನೇ ಸಲ ಜೋರಾಗಿ ಓದ್ತಿದ್ದಾರಾ? ಜಗಳ ಹತ್ರ ಇದೆ, ನೀವು ತೀರ್ಪು ಕೊಡೋಕೆ ಹೋಗ್ಬೇಡಿ, ಏನಾದ್ರೂ ತರೋಕೆ ಎದ್ದು ಹೋಗಿ.

ಇನ್ನೊಂದಿದೆ, ಇದು ನಿಮ್ಮ ಕಡೆಯ ತಪ್ಪಿನ ಸೂಚನೆ. ಆಡೋಣ್ವಾ ಅಂದೋರು ನಿಮ್ಮ ಮುಖ ನೋಡಿ ಬಾಕ್ಸ್ ವಾಪಸ್ ಎತ್ತಿಡ್ತಿದ್ದಾರೆ ಅಂದ್ರೆ ನೀವು ಬೇಡ ಅಂದಿದ್ದು ಜಾಸ್ತಿ ಆಗಿದೆ. ಆಗ ನೀವೇ ಎದ್ದು ಬಾಕ್ಸ್ ತಂದು ಟೇಬಲ್ ಮೇಲಿಟ್ಟು "ಆಡಿ, ನಾನು ಸ್ಕೋರ್ ಬರೀತೀನಿ" ಅನ್ನಿ.

ಚಿಕ್ಕ ಮಕ್ಕಳು ಕರೆದ್ರೆ

ಇದಕ್ಕೆ ಮೇಲಿನ ಯಾವ ಹಂತಾನೂ ಅನ್ವಯ ಆಗಲ್ಲ. ಐದು ವರ್ಷದ ಮಗು ಹಾವು ಏಣಿ ತಂದು ತೊಡೆ ಮೇಲಿಟ್ರೆ ನಾನು ಆಡಲ್ಲ ಅನ್ನೋ ವಾಕ್ಯ ಬಾಯಿಗೇ ಬರಲ್ಲ, ಬರಲೂಬಾರ್ದು. ಸಮಾಧಾನ ಏನಂದ್ರೆ ಆ ಆಟದಲ್ಲಿ ಯೋಚನೆ ಮಾಡೋ ಜಾಗಾನೇ ಇಲ್ಲ, ಎಲ್ಲಾ ದಾಳದ ಇಚ್ಛೆ, ಹಾಗಾಗಿ ಮಗು ಜೊತೆ ಕಥೆ ಹೇಳ್ಕೊಂಡು ಆಡಬಹುದು.

ಎಳೆಯೋದು ಕೊನೇಲಿ. 97ರಲ್ಲಿ ನಿಂತ್ಕೊಂಡು ಸರಿಯಾಗಿ ಮೂರೇ ಬೀಳ್ಬೇಕು ಅಂತ ಕಾಯೋದಿದೆಯಲ್ಲ, ಅದನ್ನ ಶುರುವಿನಲ್ಲೇ ತೆಗೆದುಬಿಡಿ, 100 ದಾಟಿದ್ರೂ ಗೆದ್ದ ಹಾಗೆ ಅಂತ. ಮತ್ತೆ ಎಷ್ಟು ಆಟ ಅನ್ನೋದನ್ನ ಮಗು ಬಾಯಲ್ಲೇ ಹೇಳಿಸಿ, ಬೆರಳು ಎಣಿಸಿ, ಅದೂ ಮೊದಲ ದಾಳ ಹಾಕೋಕೆ ಮುಂಚೆ. ಮುಗಿದ್ಮೇಲೆ ಕೇಳಿದ್ರೆ "ಇನ್ನೊಂದು" ಅಂತಾನೇ ಬರೋದು, ಅದಕ್ಕೆ ಉತ್ತರ ನನ್ನ ಹತ್ರಾನೂ ಇಲ್ಲ, ಹೋದ ತಿಂಗಳು ಏಳು ಆಟ ಆಡಿ ಬಂದೆ.